ಹಳೆಯ ಕ್ಯಾಮೆರಾ ಮುದ್ದಿಸುವವರೊಡನೆ ಒಂದು ತಕರಾರು

ಹಳೆಯ ಫಿಲ್ಮ್ ಕ್ಯಾಮೆರಾಗಳ ಮೇಲಿನ ಬರಹಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತವೆ. ಅಟ್ಟದ ಮೇಲೆ ಅಜ್ಜನ ಕ್ಯಾಮೆರಾ ಸಿಗುತ್ತದೆ. ಧೂಳು ಒರೆಸಿ, ಮೇಲಿನ ಮುಚ್ಚಳ ತೆರೆದು, ಗಾಜಿನೊಳಗೆ ಇಣುಕಿದರೆ ಲೋಕ ಬೇರೆಯೇ ಆಗಿ ಕಾಣುತ್ತದೆ. ಆಮೇಲೆ ಮೂರು ಮಾತು ಬಂದೇ ಬರುತ್ತವೆ: ಫಿಲ್ಮ್ ತಾಳ್ಮೆ ಕಲಿಸುತ್ತದೆ, ಫಿಲ್ಮ್ ಸುಳ್ಳು ಹೇಳುವುದಿಲ್ಲ, ಫಿಲ್ಮಿನಲ್ಲಿ ಕೈಕೆಲಸದ ಸುಖವಿದೆ. ಕೊನೆಗೆ, ಮೊಬೈಲಿನಲ್ಲಿ ದಿನಕ್ಕೆ ನೂರು ಫೋಟೊ ತೆಗೆಯುವ ಈ ಕಾಲದ ಮೇಲೊಂದು ನಿಟ್ಟುಸಿರು.

ಇದನ್ನು ಗೇಲಿ ಮಾಡುವ ಹಕ್ಕು ನನಗಿಲ್ಲ. ಎಂ.ಎ. ಓದುವಾಗ ಕಾಲೇಜಿನ ಸಂಚಿಕೆಗೆ ಇಂಥದ್ದೇ ಬರಹವೊಂದನ್ನು ನಾನೂ ಬರೆದಿದ್ದೆ. ಆ ಮೂರು ಮಾತೂ ಅದರಲ್ಲಿದ್ದವು. ಓದಿದವರು ಮೆಚ್ಚಿಕೊಂಡಿದ್ದರು. ಈಗ ನಾನು ಜಗಳ ತೆಗೆಯುತ್ತಿರುವುದು ಮೊದಲು ಆ ಬರಹದೊಂದಿಗೆ, ಆಮೇಲೆ ಅದರ ಬಂಧುಬಳಗದೊಂದಿಗೆ.

ನನ್ನ ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ. ಜಪಾನಿನಲ್ಲಿ 1970ರಿಂದ 1986ರವರೆಗೆ ತಯಾರಾದದ್ದು. ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಇದರ ದೊಡ್ಡಪ್ಪನಂಥ ರೋಲಿಫ್ಲೆಕ್ಸ್ 1929ರಲ್ಲೇ ಜರ್ಮನಿಯಲ್ಲಿ ಬಂದಿತ್ತು. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ, ಮಸುಕು ಗಾಜಿನ ಮೇಲೆ ಬಿದ್ದ ಚಿತ್ರವನ್ನು ನೋಡಬೇಕು. ಅಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ನಡೆದುಹೋಗುವವರನ್ನು ಹಿಂಬಾಲಿಸಲು ಹೋದರೆ ಕೈ ಒಂದು ಕಡೆ ತಿರುಗುತ್ತದೆ, ಚಿತ್ರ ಇನ್ನೊಂದು ಕಡೆ ಓಡುತ್ತದೆ. 120 ಅಳತೆಯ ರೋಲು ಹಾಕಿದರೆ ಹನ್ನೆರಡು ಚೌಕ ಚಿತ್ರಗಳು ಮಾತ್ರ. ಆದರೆ ಒಂದೊಂದು ಚೌಕವೂ ಮಾಮೂಲಿ 35 ಮಿ.ಮೀ. ಫಿಲ್ಮಿನ ಚಿತ್ರಕ್ಕಿಂತ ಸುಮಾರು ಮೂರೂವರೆ ಪಟ್ಟು ದೊಡ್ಡದು. ದೊಡ್ಡದು ಮಾಡಿ ಪ್ರಿಂಟು ಹಾಕಿದಾಗ ಸೀರೆಯ ನೂಲು, ಹಣೆಯ ಗೆರೆ, ಮೂಗುಬೊಟ್ಟಿನ ಹರಳು ಸ್ಪಷ್ಟವಾಗಿ ಬರುವುದು ಅದಕ್ಕೇ.

ಇದರ ಜೊತೆ ಕಳೆದ ದಿನಗಳು ನನಗೆ ನಿಜಕ್ಕೂ ಪ್ರಿಯವಾದವು. ಮೊದಲ ರೋಲನ್ನು ಅರಸೀಕೆರೆಯ ಈಶ್ವರ ದೇವಸ್ಥಾನದ ನಕ್ಷತ್ರಾಕಾರದ ಮಂಟಪದಲ್ಲಿ ಮುಗಿಸಿದೆ. ಹನ್ನೆರಡರಲ್ಲಿ ಐದು ಹಾಳು. ಆರನೆಯದರಲ್ಲಿ ಮಂಟಪದ ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಎಷ್ಟು ಸಲೀಸಾಗಿ ಬಂದಿದ್ದಾರೆಂದರೆ ಈಗಲೂ ಆ ಪ್ರಿಂಟು ನನ್ನ ಮೇಜಿನ ಮುಂದಿದೆ. ಕಣ್ಣಿಗೆ ಕ್ಯಾಮೆರಾ ಒತ್ತಿ ಹಿಡಿದರೆ ಜನ ಬಂದೂಕಿನ ಮುಂದೆ ನಿಂತಂತೆ ಬಿಗಿಯುತ್ತಾರೆ. ತಲೆ ತಗ್ಗಿಸಿ ನಿಂತವರ ಮುಂದೆ ಹಾಗಲ್ಲ. ಆ ಅಜ್ಜಿ ನೋಡುತ್ತಿದ್ದುದು ನನ್ನ ಬೈತಲೆಯನ್ನು. ಗುಂಡಿ ಒತ್ತಿದರೆ ಗೋಡೆ ಗಡಿಯಾರದ ಒಂದು ಮಿಡಿತದಷ್ಟು ಸದ್ದು, ಅಷ್ಟೇ. ಈ ಸುಖವನ್ನು ಯಾರಾದರೂ ಅಲ್ಲಗಳೆದರೆ ನಾನು ಒಪ್ಪುವುದಿಲ್ಲ.

ನನ್ನ ತಕರಾರು ಸುಖದ ಬಗ್ಗೆ ಅಲ್ಲ. ಆ ಸುಖದ ಹೆಸರಿನಲ್ಲಿ ನಾವು ಹೇಳಿಕೊಳ್ಳುವ ಕಥೆಯ ಬಗ್ಗೆ.

ಕ್ಯಾಮೆರಾ ನನಗೆ ಬಂದದ್ದು ಸೋದರಮಾವನಿಂದ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಮಾಮ 1976ರಿಂದ ನಲವತ್ತು ವರ್ಷ ಸ್ಟುಡಿಯೋ ನಡೆಸಿದರು. ನನ್ನ ಬರಹ ಅಚ್ಚಾದ ಸಂಚಿಕೆಯನ್ನು ಹೆಮ್ಮೆಯಿಂದ ಅವರ ಕೈಗಿಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. "ಚೆನ್ನಾಗಿದೆ ಕಣೆ ಪುಟ್ಟಿ. ಆದ್ರೆ ತಾಳ್ಮೆ ಅಂತ ಬರ್ದಿದೀಯಲ್ಲ, ಅದು ತಾಳ್ಮೆ ಅಲ್ಲ. ಫಿಲ್ಮಿಗೆ ದುಡ್ಡು ಬೀಳ್ತಿತ್ತು" ಅಂದರು.

ಅವತ್ತು ನಕ್ಕು ಸುಮ್ಮನಾದೆ. ಈಗ ಅನಿಸುತ್ತದೆ, ನನ್ನ ಬರಹಕ್ಕೆ ಬಂದ ಒಳ್ಳೆಯ ವಿಮರ್ಶೆ ಅದೊಂದೇ.

ತಾಳ್ಮೆಯನ್ನೇ ಮೊದಲು ತೆಗೆದುಕೊಳ್ಳಿ. ಹನ್ನೆರಡು ಚೌಕಗಳ ಮಿತಿ ಮನಸ್ಸನ್ನು ನಿಧಾನಗೊಳಿಸುತ್ತದೆ, ಅದೊಂದು ಧ್ಯಾನ ಎಂದು ಬರೆಯುತ್ತೇವೆ. ಮಾಮನ ಸ್ಟುಡಿಯೋದಲ್ಲಿ ಒಂದು ರೋಲು ಎಂದರೆ ಹನ್ನೆರಡು ಗಿರಾಕಿಗಳು. ಎಸ್ಸೆಸ್ಸೆಲ್ಸಿ ಅರ್ಜಿಗೆ ಒಬ್ಬ, ಬ್ಯಾಂಕ್ ಸಾಲಕ್ಕೆ ಒಬ್ಬ, ರೈಲ್ವೆ ಪಾಸಿಗೆ ಒಬ್ಬ, ಗಂಡಿನ ಕಡೆಯವರಿಗೆ ಕಳಿಸಲು ಹುಡುಗಿಯೊಬ್ಬಳು. ತಲೆಗೊಂದೇ ಚೌಕ. ಕಣ್ಣು ಮುಚ್ಚಿದರೆ ನಷ್ಟ ಮಾಮನದು. ಅದಕ್ಕೇ ಗಲ್ಲ ಹಿಡಿದು ತಿರುಗಿಸಿ, ಕಾಲರ್ ಸರಿ ಮಾಡಿ, "ಉಸಿರು ಬಿಗಿಹಿಡೀರಿ" ಅನ್ನುತ್ತಿದ್ದರು. ರೋಲು ಮುಗಿಯುವ ತನಕ ತೊಳೆಯುವಂತಿಲ್ಲ, ಹಾಗಾಗಿ "ನಾಳಿದ್ದು ಬನ್ನಿ". ತೀರಾ ಅವಸರ ಎಂದು ಯಾರಾದರೂ ಅತ್ತರೆ ಕತ್ತಲಲ್ಲಿ ಕೈಯಲ್ಲೇ ಅಳೆದು, ತೆಗೆದಷ್ಟು ಫಿಲ್ಮನ್ನು ಕತ್ತರಿಸಿ ತೊಳೆದು ಕೊಡುತ್ತಿದ್ದರು. ಆಗ ಒಂದೆರಡು ಚೌಕ ಹಾಳಾಗುತ್ತಿತ್ತು. ಇದರಲ್ಲಿ ನಿಧಾನ ಎಲ್ಲಿದೆ? ಇದು ಲೆಕ್ಕಾಚಾರ. ವಿದೇಶಿ ಫಿಲ್ಮಿನ ಆಮದಿಗೆ ಕಟ್ಟುಪಾಡುಗಳಿದ್ದ ಕಾಲ ಅದು. ಪೂರ್ವ ಜರ್ಮನಿಯ ಆರ್ವೊ ಸಿಕ್ಕರೆ ಆರ್ವೊ, ಇಲ್ಲದಿದ್ದರೆ ಊಟಿಯ ಸರ್ಕಾರಿ ಕಾರ್ಖಾನೆ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು'. ನಮ್ಮ ನೆನಪಿನ ಬರಹಗಳಲ್ಲಿ ಕೊಡಾಕ್ ಬರುತ್ತದೆ, ಇಲ್ಫೋರ್ಡ್ ಬರುತ್ತದೆ. 1960ರಲ್ಲಿ ಹುಟ್ಟಿ, ಸಣ್ಣ ಊರುಗಳ ಸ್ಟುಡಿಯೋಗಳಿಗೆ ಫಿಲ್ಮು, ಆಸ್ಪತ್ರೆಗಳಿಗೆ ಎಕ್ಸ್‌ರೇ ಹಾಳೆ ಕೊಟ್ಟು, ಕೊನೆಗೆ ಬಾಗಿಲು ಹಾಕಿದ ಆ ಕಾರ್ಖಾನೆಯ ಹೆಸರು ಬರುವುದೇ ಇಲ್ಲ. ಏಕೆಂದರೆ ನಾವು ನೆನಪಿಸಿಕೊಳ್ಳುತ್ತಿರುವುದು ನಮ್ಮೂರಿನ ಕಾಲವನ್ನಲ್ಲ. ಬೇರೆ ಯಾರದೋ ನೆನಪನ್ನು ಎರವಲು ತಂದುಕೊಂಡಿದ್ದೇವೆ.

ಇನ್ನು ಸತ್ಯದ ಮಾತು. ಫಿಲ್ಟರು, ಫೋಟೊಶಾಪು ಬಂದು ಫೋಟೊ ಕೆಟ್ಟಿತು, ಫಿಲ್ಮು ಇದ್ದದ್ದನ್ನು ಇದ್ದಹಾಗೆ ತೋರಿಸುತ್ತಿತ್ತು ಎನ್ನುವವರು ಒಮ್ಮೆ ಸಣ್ಣ ಊರಿನ ಹಳೆಯ ಸ್ಟುಡಿಯೋದವರ ಪಕ್ಕ ಕೂರಬೇಕು. ಮಾಮನ ಮೇಜಿನ ಮೇಲೆ ಚೂಪಾಗಿ ಕೆತ್ತಿದ ಪೆನ್ಸಿಲ್ಲುಗಳ ಡಬ್ಬಿಯಿತ್ತು. ನೆಗೆಟಿವಿನ ಮೇಲೆ ಪೆನ್ಸಿಲ್ಲಾಡಿಸಿದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ಗುಳಿ, ಎಲ್ಲವನ್ನೂ ಹಾಗೆ ತುಂಬುತ್ತಿದ್ದರು. ಟಚಿಂಗ್ ಎಂದು ಅದಕ್ಕೆ ಹೆಸರು. 35 ಮಿ.ಮೀ. ನೆಗೆಟಿವಿನಲ್ಲಿ ಮುಖ ಕಾಳಿನಷ್ಟಿರುತ್ತದೆ, ಅಲ್ಲಿ ಇದು ಕಷ್ಟ. ದೊಡ್ಡ ಚೌಕ ಸ್ಟುಡಿಯೋಗಳಿಗೆ ಬೇಕಾಗಿದ್ದ ಕಾರಣಗಳಲ್ಲಿ ಇದೂ ಒಂದು. ಅಂದರೆ ನಾವು ಯಾವುದನ್ನು ಸತ್ಯದ ಕ್ಯಾಮೆರಾ ಎಂದು ಹೊಗಳುತ್ತೇವೋ ಅದು ತಿದ್ದುವುದಕ್ಕೆ ಅನುಕೂಲವಾದ ಕ್ಯಾಮೆರಾ.

ತಿದ್ದಿದ್ದು ಏನನ್ನು ಎಂಬುದೂ ಮುಖ್ಯ. ಹುಡುಗಿ ನೋಡುವ ಫೋಟೊ ಎಂದರೆ ಎನ್‌ಲಾರ್ಜರಿನ ಬೆಳಕನ್ನು ಒಂದೆರಡು ಸೆಕೆಂಡು ಕಡಿಮೆ ಬಿಡುವುದು ವಾಡಿಕೆ. ಮುಖ ಬೆಳ್ಳಗೆ ಬರುತ್ತದೆ. ತಾಯಂದಿರು ಕಿವಿಯಲ್ಲಿ ಹೇಳಿಹೋಗುತ್ತಿದ್ದರಂತೆ, "ಸ್ವಲ್ಪ ಬಣ್ಣ ಬರೋ ಹಂಗೆ ಮಾಡಪ್ಪ" ಎಂದು. ಇದು ಮಾಮ ಒಬ್ಬರ ಪಾಪವಲ್ಲ. ಬಣ್ಣದ ಪ್ರಿಂಟು ಹಾಕುವ ಲ್ಯಾಬುಗಳಿಗೆ ಚರ್ಮದ ಬಣ್ಣ ಹೊಂದಿಸಿಕೊಳ್ಳಲೆಂದು ಕೊಡಾಕ್ ಕಂಪನಿ ಕಳಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖ. 'ಶರ್ಲಿ ಕಾರ್ಡ್' ಎಂದು ಅದಕ್ಕೆ ಹೆಸರು. ಆ ಮುಖ ಸರಿಯಾಗಿ ಬಂದರೆ ಎಲ್ಲ ಸರಿ ಎಂದು ಲೆಕ್ಕ. ಕಪ್ಪು ಮುಖಗಳು ಕತ್ತಲಲ್ಲಿ ಮುಳುಗಿದರೆ ಕೇಳುವವರಿರಲಿಲ್ಲ. ಫಿಲ್ಮಿನ ಬಣ್ಣಗಳ ಬಗ್ಗೆ ಕವಿತೆ ಬರೆಯುವ ಮುನ್ನ ಇಷ್ಟು ತಿಳಿದಿರಬೇಕು.

ಮೂರನೆಯದು ಕೈಕೆಲಸದ ಸುಖ. ಡೆವಲಪರಿನ ಟ್ರೇಯಲ್ಲಿ ಬಿಳಿ ಹಾಳೆಯ ಮೇಲೆ ಮುಖ ಮೂಡುವುದನ್ನು ನೋಡುವುದು ಅದ್ಭುತವೇ. ವರ್ಷಕ್ಕೆ ನಾಲ್ಕು ರೋಲು ತೊಳೆಯುವವರಿಗೆ. ದಿನಾ ಸಂಜೆ ಅದೇ ಕೆಲಸ ಮಾಡಿದವರ ಕೈ ನೋಡಿದ್ದೀರಾ? ಡೆವಲಪರಿನಲ್ಲಿರುವ ಮೆಟಾಲ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಮಾಮನ ಬೆರಳ ತುದಿಗಳು ಒಡೆದು ಕಂದುಬಣ್ಣಕ್ಕೆ ತಿರುಗಿದ್ದವು. ಮುದ್ದೆ ಮುರಿಯುವಾಗ ಸಾರಿನ ಖಾರ ತಾಕಿ ಮುಖ ಕಿವುಚುತ್ತಿದ್ದರು. ಕಿಟಕಿಯಿಲ್ಲದ, ಫ್ಯಾನು ಹಾಕಿದರೆ ಧೂಳೇಳುವ ಕೋಣೆ. ಬೇಸಿಗೆಯಲ್ಲಿ ನೀರು ಬಿಸಿಯಾಗಿ ನೆಗೆಟಿವಿನ ಪೊರೆ ಮೆತ್ತಗಾಗುತ್ತದೆಂದು ಬಕೆಟ್ಟಿಗೆ ಐಸು ತರಿಸುತ್ತಿದ್ದರು. ಡಿಜಿಟಲ್ ಬಂದಾಗ ಅವರು ಅತ್ತಿಲ್ಲ. "ಸದ್ಯ, ಹೈಪೊ ವಾಸ್ನೆ ತಪ್ತು" ಅಂದರು.

ಇಷ್ಟಾದರೂ ಇವು ಕ್ಷಮಿಸಬಹುದಾದ ತಪ್ಪುಗಳು. ನೆನಪು ಯಾವತ್ತೂ ಸ್ವಲ್ಪ ಟಚಿಂಗ್ ಮಾಡುತ್ತದೆ. ನಾನು ಕ್ಷಮಿಸಲಾರದ್ದು ಬೇರೆ ಇದೆ, ಅದರಲ್ಲಿ ಮೊದಲ ತಪ್ಪಿತಸ್ಥೆ ನಾನೇ.

2016ರಲ್ಲಿ ಮಾಮ ಸ್ಟುಡಿಯೋ ಮುಚ್ಚಿದರು. ಸಾಮಾನು ಸಾಗಿಸಲು ಅಮ್ಮನ ಜೊತೆ ಹೋಗಿದ್ದೆ, ಆಗ ನನಗೆ ಇಪ್ಪತ್ತು. ಗಾಜಿನ ಬೀರುವಿನಲ್ಲಿದ್ದ ಯಾಶಿಕಾ ತೆಗೆದು "ಇದು ನಿಂಗಿರಲಿ" ಎಂದು ಕೊಟ್ಟರು. ಮೆಟ್ಟಿಲ ಕೆಳಗೆ ಏಳು ಟ್ರಂಕುಗಳಿದ್ದವು. ಒಳಗೆ ಬಟರ್ ಪೇಪರಿನ ಕವರುಗಳಲ್ಲಿ ನೆಗೆಟಿವ್‌ಗಳು, ಒಂದೊಂದರ ಮೇಲೂ ಹೆಸರು, ಊರು, ತಾರೀಖು. "ಇವನ್ನೆಲ್ಲ ಏನ್ ಮಾಡದು ಹೇಳು?" ಅಂದರು. ನನ್ನ ಉತ್ತರ ನೆನಪಿಲ್ಲ. ಆ ಹೊತ್ತಿಗೆ ನಾನು ಕ್ಯಾಮೆರಾದ ಮುಚ್ಚಳ ತೆರೆದು ಗಾಜಿನಲ್ಲಿ ಬೀದಿಯನ್ನು ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು.

ಐದು ವರ್ಷ ಕಳೆದು ಪಿಎಚ್.ಡಿ. ಸೇರಿದೆ. ವಿಷಯ, ವೃತ್ತಿನಾಟಕ ಕಂಪನಿಗಳ ನಟಿಯರ ಬದುಕು. 2022ರಲ್ಲಿ ಗದಗಿನ ಕಡೆ ಒಬ್ಬ ಹಿರಿಯ ನಟಿಯನ್ನು ಮಾತಾಡಿಸಲು ಹೋಗಿದ್ದೆ. ಎರಡು ದಿನ ಹಾಡಿದರು, ಮಾತಾಡಿದರು. ಕೊನೆಗೆ ಫೋಟೊ ಕೇಳಿದೆ. "ಹೇಮರೆಡ್ಡಿ ಮಲ್ಲಮ್ಮನ ಪಾರ್ಟ್ ಎಷ್ಟ ವರ್ಷ ಮಾಡೀನಿ, ನನ್ನ ಕಡೆ ಒಂದ ಫೋಟೊ ಇಲ್ಲ ನೋಡವಾ. ಅರಸೀಕೆರ್‍ಯಾಗ ಕ್ಯಾಂಪ್ ಇದ್ದಾಗ ಸ್ಟೇಷನ್ ಹತ್ರ ಒಂದ ಸ್ಟುಡಿಯೋದಾಗ ತೆಗಸಿದ್ದೆ. ಬೋರ್ಡಿಗೆ ಹಚ್ಚಾಕ ಅಂತ ಮಾಲಕರು ಒಯ್ದರು, ತಿರುಗಿ ಕೊಡಲಿಲ್ಲ" ಅಂದರು. ಅದು 1983ರ ಸುಮಾರು. ಅಂಗಡಿಯ ಗುರುತು ಹೇಳಿದರು: ಎದುರಿಗೆ ಸೈಕಲ್ ಶಾಪು, ಒಳಗೆ ನವಿಲಿನ ಪರದೆ. ಆ ನವಿಲಿನ ಪರದೆಯ ಮುಂದೆ ನನ್ನ ನಾಮಕರಣದ ಫೋಟೊ ತೆಗೆದಿದ್ದರು.

ಅಲ್ಲಿಂದಲೇ ಮಾಮನಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ನಾನು ಕ್ಯಾಮೆರಾ ತಂದ ಮುಂದಿನ ತಿಂಗಳೇ ಗುಜರಿಯವನು ಬಂದು ಏಳೂ ಟ್ರಂಕು ತೂಕಕ್ಕೆ ಹಾಕಿಕೊಂಡು ಹೋದ. ಕಪ್ಪುಬಿಳುಪು ನೆಗೆಟಿವಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿ. ಎಕ್ಸ್‌ರೇ ಹಾಳೆಗಳ ಜೊತೆ ಅವನ್ನೂ ರಾಸಾಯನಿಕದಲ್ಲಿ ತೊಳೆದು ಬೆಳ್ಳಿ ತೆಗೆದು, ಉಳಿದ ಪ್ಲಾಸ್ಟಿಕ್ಕನ್ನು ಮಾರುತ್ತಾರೆ. ನಲವತ್ತು ವರ್ಷ ಒಂದು ತಾಲ್ಲೂಕಿನ ಜನ ಮದುವೆ, ಪರೀಕ್ಷೆ, ಸಾಲ, ಸಾವುಗಳ ಹೊತ್ತಿನಲ್ಲಿ ಹೇಗೆ ಕಾಣುತ್ತಿದ್ದರು ಎಂಬುದು ಒಂದಿಷ್ಟು ಗ್ರಾಂ ಬೆಳ್ಳಿಯಾಗಿ ಹೋಯಿತು. ಮಲ್ಲಮ್ಮನ ವೇಷವೂ ಅದರಲ್ಲೇ ಹೋಗಿರಬೇಕು.

ಮಾಮನನ್ನು ದೂರಲಾರೆ. ಅವರು ಕೇಳಿದ್ದರು. ಉತ್ತರ ಕೊಡಬೇಕಾಗಿದ್ದವಳು ಕ್ಯಾಮೆರಾ ಮುದ್ದಿಸುತ್ತಿದ್ದಳು.

ನನ್ನ ತಕರಾರು ಇದೇ. ನಾವು ಪ್ರೀತಿಸುತ್ತಿರುವುದು ಯಂತ್ರವನ್ನು. ಯಂತ್ರ ಒಂದು ಕಂಪನಿಯ ಕಾರ್ಖಾನೆಯಲ್ಲಿ ತಯಾರಾದ ಸಾವಿರಾರು ಪ್ರತಿಗಳಲ್ಲಿ ಒಂದು. ಕೆಟ್ಟರೆ ಇನ್ನೊಂದು ಸಿಗುತ್ತದೆ. ಅದರಿಂದ ತೆಗೆದ ನೆಗೆಟಿವ್ ಇರುವುದು ಒಂದೇ. ಒಂದನ್ನು ಗಾಜಿನ ಬೀರುವಿನಲ್ಲಿಡುತ್ತೇವೆ, ಇನ್ನೊಂದನ್ನು ಮೆಟ್ಟಿಲ ಕೆಳಗೆ ಬಿಡುತ್ತೇವೆ. ಹಳೆಯ ಕ್ಯಾಮೆರಾ ಕೊಳ್ಳಲು ಮುಚ್ಚಿದ ಸ್ಟುಡಿಯೋಗಳನ್ನು ಹುಡುಕಿಕೊಂಡು ಹೋಗುವ ಗೆಳೆಯರನ್ನು ಕೇಳಿದ್ದೇನೆ, ನೆಗೆಟಿವ್ ಏನಾದವು ಎಂದು. ಯಾರೂ ವಿಚಾರಿಸಿರಲಿಲ್ಲ.

ಬೇರೆಡೆ ವಿಚಾರಿಸಿದವರಿದ್ದಾರೆ. ಮಧ್ಯಪ್ರದೇಶದ ನಾಗ್ದಾ ಎಂಬ ಸಣ್ಣ ಕೈಗಾರಿಕಾ ಊರಿನ ಸುಹಾಗ್ ಸ್ಟುಡಿಯೋದ ನೆಗೆಟಿವ್‌ಗಳನ್ನು ಆಧರಿಸಿ, ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ಛಾಯಾಗ್ರಾಹಕ ಸುರೇಶ್ ಪಂಜಾಬಿಯವರ ಜೊತೆಗೂಡಿ ತಂದ ಪುಸ್ತಕ 2013ರಲ್ಲಿ ಬಂತು. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಡಿಜಿಟಲ್ ಪ್ರತಿ ಮಾಡಿಟ್ಟಿದ್ದಾರೆ. ರೋಲಿಫ್ಲೆಕ್ಸ್ ಪ್ರೇಮಿಗಳೆಲ್ಲ ಹೆಸರು ಹೇಳುವ ಅಮೆರಿಕದ ವಿವಿಯನ್ ಮೇಯರ್ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು. ಅವಳ ನೆಗೆಟಿವ್‌ಗಳು ಗೋದಾಮಿನ ಬಾಡಿಗೆ ಬಾಕಿಗಾಗಿ 2007ರಲ್ಲಿ ಷಿಕಾಗೋದಲ್ಲಿ ಹರಾಜಾದವು. ಕೊಂಡವರು ಅವನ್ನು ಬೆಳಕಿಗೆ ಹಿಡಿದು ನೋಡಿದ್ದರಿಂದ ಅವಳು ಇಂದು ನಮಗೆ ಗೊತ್ತು. ನಾವು ಅವಳಿಂದ ಕಲಿತದ್ದು ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದನ್ನು ಮಾತ್ರ.

ಕನ್ನಡದ ವಿದ್ಯಾರ್ಥಿಗಳಿಗೆ ಇದು ಹೊಸ ಪಾಠವೂ ಅಲ್ಲ. ಮನೆಮನೆಯ ಅಟ್ಟದಿಂದ ಓಲೆಗರಿ ಇಳಿಸಿ ತಂದವರ ಶ್ರಮದ ಮೇಲೆ ನಮ್ಮ ಅಧ್ಯಯನ ನಿಂತಿದೆ. 1905ರಲ್ಲಿ ಪಂಡಿತರೊಬ್ಬರು ತಂದುಕೊಟ್ಟ ಕಟ್ಟನ್ನು ಬಿಚ್ಚಿ ನೋಡುವ ವ್ಯವಧಾನ ಮೈಸೂರಿನ ಶಾಮಶಾಸ್ತ್ರಿಗಳಿಗೆ ಇದ್ದುದರಿಂದ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಯಿತು. ಆ ವ್ಯವಧಾನದಲ್ಲಿ ಸ್ವಲ್ಪವನ್ನಾದರೂ ಮೆಟ್ಟಿಲ ಕೆಳಗಿನ ಟ್ರಂಕುಗಳಿಗೆ ಕೊಡಬಾರದೇ? ಅಲ್ಲಿ ಶಾಸ್ತ್ರವಿಲ್ಲ, ನಿಜ. ಓಲೆಗರಿಯಲ್ಲಿ ಎಂದೂ ಹೆಸರು ಬರದ ಜನ ಇದ್ದಾರೆ.

ಎರಡು ಆಕ್ಷೇಪಗಳು ಬರಬಹುದು. ಒಂದು, ಅಸೆಟೇಟ್ ಫಿಲ್ಮು ನಮ್ಮ ಸೆಕೆಗೆ ಹುಳಿವಾಸನೆ ಹೊಡೆದು ಸುರುಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಇದನ್ನು ಉಳಿಸಲು ದುಡ್ಡು ಯಾರ ಹತ್ತಿರ ಇದೆ? ಒಪ್ಪುತ್ತೇನೆ. ಆದರೆ ಒಂದು 120 ರೋಲಿಗೆ ಸಾವಿರ ರೂಪಾಯಿಯ ಆಸುಪಾಸು ಸುರಿಯುವ ನಾವು ಬಡವರೆಂದು ಹೇಳಿಕೊಳ್ಳಬಾರದು. ಬಿಳಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಅದೇ ಮೊಬೈಲಿನಲ್ಲಿ ಪ್ರತಿ ತೆಗೆದರೂ ಇಲ್ಲದಿರುವುದಕ್ಕಿಂತ ಮೇಲು. ನಾವು ಬೈಯುವ ಮೊಬೈಲು ಇಷ್ಟಾದರೂ ಕೆಲಸಕ್ಕೆ ಬರುತ್ತದೆ.

ಎರಡನೆಯದು ಗಟ್ಟಿಯಾದದ್ದು. ಆ ಮುಖಗಳ ಮೇಲೆ ನಮಗೇನು ಅಧಿಕಾರ? ಸಾಲದ ಅರ್ಜಿಗೆಂದು ತೆಗೆಸಿದ ಫೋಟೊವನ್ನು ನಾಳೆ ಯಾವುದೋ ಗ್ಯಾಲರಿಯ ಗೋಡೆಯ ಮೇಲೆ ಹಚ್ಚಲು ಅವರು ಒಪ್ಪಿದ್ದರೇ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಅನುಭವವೊಂದಿದೆ.

ಏಳು ಟ್ರಂಕು ಹೋದರೂ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲೊಂದು ಬಿಸ್ಕತ್ತಿನ ಡಬ್ಬಿ ಉಳಿದಿತ್ತು. ಫೋಟೊ ತೆಗೆಸಿಕೊಂಡು ಮತ್ತೆ ಬಾರದವರದ್ದು. ದುಡ್ಡು ಬಾಕಿಯಿದ್ದುದರಿಂದ ಮಾಮ ಅವನ್ನು ಬೇರೆ ಇಟ್ಟಿದ್ದರು. ಅರವತ್ತೊಂದು ಕವರುಗಳು. ಮೇಲೆ ಹೆಸರು, ಊರು, ಬಾಕಿ ಮೊತ್ತ: ಮೂರು ರೂಪಾಯಿ, ಆರು ರೂಪಾಯಿ. ಅದರಲ್ಲಿ ನಟಿಯ ಕವರಿರಲಿಲ್ಲ. ಅವರ ಮಾಲೀಕರು ದುಡ್ಡು ಕೊಟ್ಟಿದ್ದರು. ಆ ಊರುಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಇದುವರೆಗೆ ಒಂಬತ್ತು ಮನೆ ಸಿಕ್ಕಿವೆ. ಏಳು ಮನೆಯವರು ಪ್ರಿಂಟು ಇಸಿದುಕೊಂಡು, ಯಾರು, ಯಾವಾಗ, ಯಾಕೆ ತೆಗೆಸಿದ್ದೆಂದು ಹೇಳಿ ಬರೆಸಿದರು. ಒಂದು ಮನೆಯಲ್ಲಿ ಬೇಡ ಎಂದರು. ಇನ್ನೊಂದು ಮನೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು, ಹುಡುಗಿ ನೋಡಲೆಂದು ತೆಗೆಸಿದ್ದ ತಮ್ಮದೇ ಫೋಟೊವನ್ನು ಬಹಳ ಹೊತ್ತು ನೋಡಿ, ನೆಗೆಟಿವನ್ನೂ ಕೇಳಿ ತೆಗೆದುಕೊಂಡು ಒಳಗೆ ಹೋದರು. ಒಲೆಗೆ ಹಾಕಿದ ವಾಸನೆ ಬಂತು. ಅದು ಅವರ ಹಕ್ಕು. ಗುಜರಿಯವನ ತಕ್ಕಡಿ ಆ ಹಕ್ಕನ್ನು ಉಳಿದ ಯಾರಿಗೂ ಕೊಡಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಹಳೆಯ ಕ್ಯಾಮೆರಾ ಕೊಳ್ಳಲು ಹೋದಾಗ ನೆಗೆಟಿವ್ ಎಲ್ಲಿವೆ ಎಂದು ಕೇಳಿ. ಇದ್ದರೆ ಕವರಿನ ಮೇಲಿನ ಹೆಸರುಗಳನ್ನು ಮೊದಲು ಬರೆದುಕೊಳ್ಳಿ. ಸ್ಟುಡಿಯೋದವರನ್ನು ಕೂರಿಸಿಕೊಂಡು ಮಾತಾಡಿಸಿ, ಲೆನ್ಸಿನ ಬಗ್ಗೆ ಅಲ್ಲ, ಗಿರಾಕಿಗಳ ಬಗ್ಗೆ. ನಿಮ್ಮ ವಿಭಾಗದಲ್ಲಿ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರಿದ್ದರೆ ಅವರ ಊರಿನ ಸ್ಟುಡಿಯೋದ ಬಾಗಿಲು ತೋರಿಸಿ. ಆಮೇಲೆ ತಾಳ್ಮೆಯ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಓದುತ್ತೇನೆ.

ಕಳೆದ ತಿಂಗಳು ಮತ್ತೆ ಗದಗಿಗೆ ಹೋಗಿದ್ದೆ. ನೆಗೆಟಿವ್ ಸಿಗಲಿಲ್ಲ ಎಂದು ಅವರಿಗೆ ಎದುರಿನಲ್ಲೇ ಹೇಳಬೇಕಿತ್ತು. ಹೇಳಿದೆ. "ಇರಲಿ ಬಿಡವಾ" ಅಂದರು. ಯಾಶಿಕಾ ತೆಗೆದು, ಈಗಲಾದರೂ ಒಂದು ತೆಗೆಯಲೇ ಎಂದು ಕೇಳಿದೆ. ಒಳಗೆ ಹೋಗಿ ಸೀರೆ ಬದಲಿಸಿ, ಹಣೆಗೆ ದೊಡ್ಡ ಕುಂಕುಮ, ಮೂರು ಪಟ್ಟಿ ವಿಭೂತಿ ಹಚ್ಚಿಕೊಂಡು ಬಂದು ಕೂತರು. ತಲೆ ಬಗ್ಗಿಸಿ ಗಾಜು ನೋಡುತ್ತಿದ್ದಾಗ ಕೇಳಿದರು, "ಇದರದ್ದು ಅದೇನೋ ನೆಗೆಟಿವ್ ಇರತೈತಲ್ಲ, ಅದನ್ನ ಯಾರ ಕಡೆ ಇಡ್ತೀ?"